ಹೇಝೆಲ್ ವಾಕರಳ ಸಂಚಾರಿ ತಂಡ

ಸ್ತ್ರೀಯೊಬ್ಬಳು ಚೆಂಡಾಡಿ ಜೀವನೋಪಾಯವನ್ನು ಸಂಪಾದಿಸಬಹುದೆಂಬುದನ್ನು ಅಮೆರಿಕದಂಥ ದೇಶವೂ ಸುಲಭವಾಗಿ ಒಪ್ಪದಿದ್ದ ಕಾಲದಲ್ಲಿ, ಆರ್ಕನ್ಸಾ ಪ್ರಾಂತದ ಹೇಝೆಲ್ ವಾಕರ್ ಎಂಬಾಕೆ ಅದನ್ನೇ ವೃತ್ತಿಯಾಗಿ ಸ್ವೀಕರಿಸಿ, ಸುಮಾರು ಎರಡು ದಶಕಗಳವರೆಗೆ ಊರಿಂದೂರಿಗೆ ಸಂಚರಿಸುತ್ತ, ಪುರುಷರ ತಂಡಗಳೊಡನೆ ಪುರುಷರ ನಿಯಮಗಳಂತೆಯೇ ಬ್ಯಾಸ್ಕೆಟ್‌ಬಾಲ್ ಆಡಿದಳು, ಬಹುಪಾಲು ಗೆದ್ದಳು.

ಆ ನಿಯಮಗಳ ವಿಷಯವನ್ನು ಸ್ವಲ್ಪ ವಿವರಿಸಬೇಕು. ಸ್ತ್ರೀಶರೀರವು ಅತಿಶ್ರಮವನ್ನು ತಾಳಲಾರದೆಂಬ ಭಾವನೆಯಿಂದ ಅಂದಿನ ಮಹಿಳಾ ಪಂದ್ಯಗಳಲ್ಲಿ ಅಂಗಣವನ್ನೇ ವಿಭಾಗಿಸಿಬಿಟ್ಟಿದ್ದರು. ಒಂದೊಂದು ಪಕ್ಷಕ್ಕೆ ಆರು ಮಂದಿ. ಮೂವರು ಚೆಂಡನ್ನು ಬುಟ್ಟಿಗೆ ಎಸೆಯತಕ್ಕವರು, ಮೂವರು ಎದುರಾಳಿಗಳನ್ನು ತಡೆಯತಕ್ಕವರು. ಯಾರೂ ಮಧ್ಯರೇಖೆಯನ್ನು ದಾಟುವಂತಿಲ್ಲ, ಚೆಂಡನ್ನು ಪುಟಿಸುತ್ತ ದೂರ ಓಡುವಂತೆಯೂ ಇಲ್ಲ. 1914ರಲ್ಲಿ ಜನಿಸಿದ ವಾಕರ್ ಈ ಬಗೆಯ ಆಟದಲ್ಲಿಯೇ ಬೆಳೆದು, ಟಲ್ಸಾ ನಗರದ ವಾಣಿಜ್ಯ ಕಾಲೇಜಿನ ಪರವಾಗಿಯೂ ಬಳಿಕ ಲಿಟ್ಲ್ ರಾಕ್ ನಗರದ ತಂಡದಲ್ಲಿಯೂ ಆಡಿ, ಹವ್ಯಾಸಿಗಳ ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಖ್ಯಾತಿವೆತ್ತಳು. ಆದರೆ ಹವ್ಯಾಸಿಯೆಂಬ ಹೆಸರಿರುವವರೆಗೆ ಆಟಕ್ಕಾಗಿ ಹಣ ಪಡೆಯುವಂತಿರಲಿಲ್ಲ; ಹೊಟ್ಟೆಪಾಡಿಗೆ ಬೇರೆ ಉದ್ಯೋಗವೇ ಗತಿ.

1946ರಲ್ಲಿ ಆಕೆ ಆ ಹೆಸರನ್ನು ತೊರೆದು 'ಆಲ್ ಅಮೆರಿಕನ್ ರೆಡ್ ಹೆಡ್ಸ್' ಎಂಬ ಸಂಚಾರಿ ತಂಡವನ್ನು ಸೇರಿದಳು. ಮಿಸ್ಸೂರಿಯ ಕ್ಯಾಸ್‌ವಿಲ್ ಎಂಬಲ್ಲಿ 1936ರಲ್ಲಿ ಓಲ್ಸನ್ ಎಂಬವರು ಕಟ್ಟಿದ ತಂಡವದು. ಅವರ ಪತ್ನಿ ಕೇಶಶೃಂಗಾರದ ಅಂಗಡಿಗಳ ಒಡತಿಯಾದುದರಿಂದಲೋ ಏನೋ, ಆಟಗಾರ್ತಿಯರೆಲ್ಲರೂ ಕೆಂಗೂದಲಿನವರಾಗಿರಬೇಕೆಂಬ ಕಟ್ಟಳೆ ಹುಟ್ಟಿತು. ಹುಟ್ಟುಗೆಂಪಿಲ್ಲದವರು ಮದರಂಗಿ ಹಚ್ಚಿಕೊಳ್ಳುತ್ತಿದ್ದರು. ನಡುನಡುವೆ ಹಾಸ್ಯ, ಚೆಂಡಿನ ಕಣ್ಕಟ್ಟು, ಅಂಪೈರನನ್ನು ಗೇಲಿಮಾಡುವುದು ಇವೆಲ್ಲ ಇದ್ದುವು. ಇದು ಕ್ರೀಡೆಯಲ್ಲ, ತಮಾಷೆಯೆಂದು ಮೂಗುಮುರಿಯುವವರಿಗೆ ಕೊರತೆಯಿರಲಿಲ್ಲ. ಟಿಕೆಟ್ಟು ಕೊಂಡು ಬಂದ ಜನರನ್ನು ನಗಿಸುತ್ತಲೇ ಪಂದ್ಯವನ್ನೂ ಗೆಲ್ಲುವುದು ಬರಿಯ ಗೆಲುವಿಗಿಂತ ಕಠಿನವೆಂದೇ ನನ್ನ ಅಭಿಪ್ರಾಯ.

1949ರಲ್ಲಿ ವಾಕರ್ ತನ್ನದೇ ಆದ 'ಆರ್ಕನ್ಸಾ ಟ್ರಾವೆಲರ್ಸ್' ತಂಡವನ್ನು ಕಟ್ಟಿದಳು. ಅಲ್ಲಿ ಕೂದಲಿಗೆ ಬಣ್ಣ ಬಳಿಯುವ ಕಟ್ಟಳೆಯಿರಲಿಲ್ಲ. ಒಡತಿಯೂ ಆಕೆಯೇ, ಆಟಗಾರ್ತಿಯೂ ಆಕೆಯೇ. ಬೆರಳೆಣಿಕೆಯ ಹೆಂಗಸರು, ಅವರ ಗಂಟುಮೂಟೆ, ಇವೆಲ್ಲವನ್ನೂ ಹೊತ್ತು ಸಾಗುವ ಕಾರು. ಇಂದು ಒಂದು ಪಟ್ಟಣದ ಶಾಲೆಯ ವ್ಯಾಯಾಮಶಾಲೆ, ನಾಳೆ ಮತ್ತೊಂದು. ಎದುರಾಳಿಗಳು ಆಯಾ ಊರಿನ ಗಂಡಸರು. ಹಗಲೆಲ್ಲ ತಮ್ಮತಮ್ಮ ಕಸುಬಿನಲ್ಲಿದ್ದು ಸಂಜೆ ಅಂಗಣಕ್ಕಿಳಿಯುವವರು. ಅವರು ಎತ್ತರದಲ್ಲಿಯೂ ಬಲದಲ್ಲಿಯೂ ಮಿಗಿಲಾಗಿದ್ದರೂ ಸೋಲುತ್ತಿದ್ದುದರಲ್ಲಿ ಪವಾಡವೇನೂ ಇಲ್ಲ: ಅವರಿಗೆ ಬಿಡುವಿನ ವಿನೋದವಾಗಿದ್ದುದು ಈ ಹೆಂಗಸರಿಗೆ ಪ್ರತಿ ರಾತ್ರಿಯ ಕೆಲಸವಾಗಿತ್ತು.

ಆ ಕೆಲಸ ಎಂಥದೆಂಬುದು ವಿರಾಮದ ವೇಳೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಬ್ಯಾಸ್ಕೆಟ್‌ಬಾಲಿನಲ್ಲಿ ಎದುರಾಳಿಯ ತಪ್ಪಿಗೆ ಪ್ರತಿಯಾಗಿ ದೊರೆಯುವ ಫ್ರೀ ಥ್ರೋವನ್ನು 15 ಅಡಿ ದೂರದ ಗೆರೆಯ ಹಿಂದೆ ನಿಂತು ಎಸೆಯಬೇಕು. 10 ಅಡಿ ಎತ್ತರದ ಬಳೆಯ ವ್ಯಾಸ 18 ಅಂಗುಲ. ಯಾರೂ ಅಡ್ಡಬರುವುದಿಲ್ಲವಾದುದರಿಂದ ತಪ್ಪಿದರೆ ದೂರಲು ತನ್ನ ಕೈಯೊಂದೇ ಉಳಿಯುತ್ತದೆ. ಇತರರು ದಣಿವಾರಿಸಿಕೊಳ್ಳುತ್ತಿರುವಾಗ ವಾಕರ್ ಆ ಗೆರೆಗೆ ಬಂದು, ಊರಿನ ಯಾರಾದರೂ ತನ್ನೊಡನೆ ಸ್ಪರ್ಧಿಸಬಹುದೆಂದು ಆಹ್ವಾನಿಸುವಳು; ನಿಂತು ಎಸೆದುದು ಸಾಲದೆಂದು ಮಂಡಿಯೂರಿಯೂ ಎಸೆಯುವಳು. ಈ ಸ್ಪರ್ಧೆಯಲ್ಲಿ ಆಕೆ ಎಂದೂ ಸೋಲಲಿಲ್ಲವೆಂದು ಪ್ರತೀತಿ.

1965ರಲ್ಲಿ, ಐವತ್ತರ ವಯಸ್ಸಿನಲ್ಲಿ, ಆಕೆ ಆಟದಿಂದ ನಿವೃತ್ತಳಾದಳು. ತಂಡವೂ ಅಲ್ಲಿಗೆ ಮುಗಿಯಿತು. ರೆಡ್ ಹೆಡ್ಸ್ 1986ರವರೆಗೆ ಸಂಚರಿಸಿತು. ವಾಕರ್ 1990ರಲ್ಲಿ ತೀರಿಕೊಂಡಳು. ಡಬ್ಲ್ಯುಎನ್‌ಬಿಎ ಎಂಬ ಇಂದಿನ ಮಹಿಳಾ ವೃತ್ತಿಪರ ಲೀಗ್ ತನ್ನ ಮೊದಲ ಪಂದ್ಯವನ್ನಾಡಿದುದು 1997ರಲ್ಲಿ.