ಒಂದು ಅಲ್ಪವಿರಾಮದ ಬೆಲೆ

ಸಂಜೆ ಕೀರ್ದಿ ಕೂಡಿಸುವಾಗ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ನಮಗೆ ಊಟ ಸೇರದು. ಆದರೆ ಅದೇ ಅಂಗಡಿಯಿಂದ ಹೊರಡುವ ಇಂಗ್ಲಿಷ್ ಪತ್ರವನ್ನು ಎರಡನೆಯ ಸಲ ಓದದೆ ಕಳುಹಿಸಿಬಿಡುತ್ತೇವೆ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ನಮ್ಮ ಮನೆಮಾತು ಕನ್ನಡ, ಪೇಟೆಯ ಮಾತು ಮರಾಠಿ, ದೂರದ ಗಿರಾಕಿಗೆ ಬರೆಯುವುದು ಇಂಗ್ಲಿಷ್. ತಪ್ಪು ನುಸುಳುವುದು ಈ ಮೂರನೆಯದರಲ್ಲೇ.

ನಾವೂ ಒಮ್ಮೆ ಸಿಕ್ಕಿಬಿದ್ದವರೇ. ನಗದು ಕೊಡುವವರಿಗೆ ಶೇಕಡಾ 4 ಇದ್ದ ರಿಯಾಯಿತಿಯನ್ನು ಶೇಕಡಾ 5ಕ್ಕೆ ಏರಿಸಿದ್ದೇವೆಂದು ಪರಊರಿನ ವ್ಯಾಪಾರಿಯೊಬ್ಬರಿಗೆ ತಿಳಿಸಬೇಕಿತ್ತು. 'ಟು' ಎಂದು ಬರೆಯುವಲ್ಲಿ 'ಬೈ' ಎಂದು ಬರೆದೆವು. 'ಐದಕ್ಕೆ' ಎನ್ನುವುದು 'ಐದರಷ್ಟು' ಎಂದಾಯಿತು. ಅವರು ನಾಲ್ಕಕ್ಕೆ ಐದು ಕೂಡಿಸಿ, ಶೇಕಡಾ 9 ಮುರಿದುಕೊಂಡು ಹಣ ಕಳುಹಿಸಿದರು. ಕೇಳಿದರೆ ನಮ್ಮ ಪತ್ರವನ್ನೇ ಮುಂದಿಟ್ಟರು. ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ಳಬೇಕಾಯಿತು.

ಇಂಗ್ಲಿಷ್ ಮಾತೃಭಾಷೆಯಾದವರೂ ಎಡವುತ್ತಾರೆ. ಅಮೆರಿಕದ ಮೇನ್ ರಾಜ್ಯದ ಕಾನೂನಿನಲ್ಲಿ, ಓವರ್‌ಟೈಮ್ ಕೊಡಬೇಕಿಲ್ಲದ ಕೆಲಸಗಳ ಪಟ್ಟಿಯೊಂದಿತ್ತು. ಅದರ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಎಂದಿತ್ತು; 'ಆರ್' ಪದದ ಮೊದಲು ಅಲ್ಪವಿರಾಮವಿರಲಿಲ್ಲ. ಓಕ್‌ಹರ್ಸ್ಟ್ ಡೈರಿಯ ಚಾಲಕರು, 'ಇದು ಸಾಗಣೆಗೋ ವಿತರಣೆಗೋ ಮಾಲು ಕಟ್ಟುವವರ ಮಾತು. ನಾವು ಕಟ್ಟುವವರಲ್ಲ, ಒಯ್ದು ಮುಟ್ಟಿಸುವವರು' ಎಂದು ವಾದಿಸಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ, ವಾಕ್ಯದ ಅರ್ಥ ಸ್ಪಷ್ಟವಿಲ್ಲವೆಂದು ಚಾಲಕರ ಪರ ತೀರ್ಪು ಕೊಟ್ಟಿತು. 2018ರಲ್ಲಿ ಡೈರಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಇಂಥ ತಪ್ಪನ್ನು ಮೊದಲೇ ಹಿಡಿಯುವುದೇ ಕಾಪಿ ಎಡಿಟರ್ ಎಂಬವರ ಕಸುಬು. ಕಾಗುಣಿತ, ವಿರಾಮಚಿಹ್ನೆ, ವಾಕ್ಯದ ಅನ್ವಯ, ಹೆಸರು, ಅಂಕಿ, ತಾರೀಖು ಎಲ್ಲವನ್ನೂ ನೋಡುತ್ತಾರೆ. ಅರ್ಥ ಸಂದಿಗ್ಧವಾದರೆ ತಾವೇ ಊಹಿಸಿ ತಿದ್ದದೆ, ಬರೆದವರನ್ನು ಕೇಳುತ್ತಾರೆ. ಅವರೂ ಎಲ್ಲ ಬಲ್ಲವರಲ್ಲ. ಸಂಶಯ ಬಂದೊಡನೆ ಕೈಪಿಡಿ ತೆಗೆಯುತ್ತಾರೆ. ಶಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ 1906ರಲ್ಲಿ ಹೊರತಂದ ಕೈಪಿಡಿ ತಿದ್ದುಪಡಿಯಾಗುತ್ತ ಇಂದಿಗೂ ಬಳಕೆಯಲ್ಲಿದೆ.

ನಮ್ಮ ಪತ್ರಗಳಿಗೆ ಕೆಲವು ಸೂಚನೆಗಳು:

• 'ಡಿಸ್ಕಸ್' ಎಂದರೇನೇ ಚರ್ಚಿಸು. ಜೊತೆಗೆ 'ಅಬೌಟ್' ಬೇಡ.

• 'ಪ್ರಿಪೋನ್' ನಮ್ಮ ದೇಶದಲ್ಲಿ ನಡೆಯುತ್ತದೆ; ಹೊರದೇಶದವರು ಗೊಂದಲಕ್ಕೆ ಬೀಳಬಹುದು.

• 5/6 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

• ನಮ್ಮ 1,00,000 ಅವರಿಗೆ 100,000. ಮೊತ್ತವನ್ನು ಅಕ್ಷರದಲ್ಲೂ ಬರೆಯಿರಿ; 'ಲ್ಯಾಕ್' ಬದಲು 'ಹಂಡ್ರೆಡ್ ಥೌಸಂಡ್' ಎನ್ನಿ.

• 'ಬೈ ಮಂಡೇ' ಎಂದರೆ ಸೋಮವಾರದೊಳಗೆ. 'ಟಿಲ್ ಮಂಡೇ' ಎಂದರೆ ಸೋಮವಾರದವರೆಗೆ.

ಕಂಪ್ಯೂಟರು ತಿದ್ದುತ್ತದಲ್ಲ ಎನ್ನಬಹುದು. ನಮ್ಮ 'ಬೈ'ನಲ್ಲಿ ವ್ಯಾಕರಣದ ತಪ್ಪಿರಲಿಲ್ಲ. ಮನಸ್ಸಿನಲ್ಲಿದ್ದ ಲೆಕ್ಕವೇ ಬೇರೆಯಿತ್ತು. ಅದನ್ನು ಯಂತ್ರ ಬಲ್ಲುದೇ? ಆದ್ದರಿಂದ ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ, ಇನ್ನೊಬ್ಬರ ಕಣ್ಣಿಗೂ ಹಾಕಿ.

ಆ ಕಣ್ಣು ನಮ್ಮ ಮನೆಯಲ್ಲೇ ಇದೆ. ಆ ಪ್ರಸಂಗದ ನಂತರ ನಮ್ಮಲ್ಲಿ ಹೊರಗೆ ಹೋಗುವ ಪ್ರತಿ ಪತ್ರವನ್ನೂ ಸೊಸೆ ಓದುತ್ತಾಳೆ. ಪದವಿ ಓದಿದ ಇಂಥ ಹೆಣ್ಣುಮಕ್ಕಳು ಕಲಿತರೆ, ಮನೆಯಲ್ಲೇ ಕೂತು ಮಾಡಬಹುದಾದ ಗೌರವದ ಉದ್ಯೋಗವೂ ಹೌದು. ಹಿರಿಯರು ಕಿರಿಯರನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ. ಕೇಳಿದವರನ್ನು ಕಂಡು ಕಿರಿಯರು ನಗಬಾರದು. ನಾಚಿಕೆಪಟ್ಟು ಕೇಳದೆ ನಾವು ತೆತ್ತದ್ದು ಶೇಕಡಾ ನಾಲ್ಕು.