ನೀರಿನೊಳಗಿನ ಸಸ್ಯಗಳೂ ಇಂಗಾಲದ ಪೂರೈಕೆಯೂ: ಕೆರೆಯಿಂದ ಗಾಜಿನ ತೊಟ್ಟಿಗೆ

ಹಾವೇರಿ ಜಿಲ್ಲೆಯ ಮಾಸೂರಿನ ಸಮೀಪದಲ್ಲಿ, ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯು ವಿಜಯನಗರದ ಕಾಲದ್ದು. ಇಂತಹ ಪುರಾತನ ಕೆರೆಗಳ ತಳದಲ್ಲಿ ಹೂಳು ಶೇಖರವಾಗಿರುತ್ತದೆ. ಆ ಹೂಳಿನಲ್ಲಿ ಎಲೆ, ಬೇರು, ಸತ್ತ ಜೀವಿಗಳು ಸದಾ ಕೊಳೆಯುತ್ತಿರುತ್ತವೆ. ಕೊಳೆಯುವಿಕೆಯಿಂದ ಹುಟ್ಟಿದ ಇಂಗಾಲದ ಡೈಆಕ್ಸೈಡು ಮೇಲಿನ ನೀರಿಗೆ ಬೆರೆಯುತ್ತದೆ. ಆದುದರಿಂದ ಕೆರೆಯ ಸಸ್ಯಗಳಿಗೆ ಈ ಅನಿಲವನ್ನು ಮನುಷ್ಯನು ಒದಗಿಸಬೇಕಾಗಿಲ್ಲ. ಆದರೆ ಜಲಸಸ್ಯಗಳನ್ನು ತಂದು, ತೊಳೆದ ಮರಳಿನ ಮೇಲೆ ಗಾಜಿನ ತೊಟ್ಟಿಯಲ್ಲಿ ನೆಟ್ಟು, ಪ್ರಖರವಾದ ದೀಪವನ್ನು ಉರಿಸಿದರೆ, ಕೆಲವು ಹುಲುಸಾಗಿ ಬೆಳೆಯುವುವು. ಕೆಲವು ಸೊರಗಿ, ಅವುಗಳ ಎಲೆಗಳ ಮೇಲೆ ಪಾಚಿ ಹಬ್ಬುವುದು. ಈ ವ್ಯತ್ಯಾಸಕ್ಕೆ ಕಾರಣವೇನು, ತೊಟ್ಟಿಗೆ ಇಂಗಾಲದ ಡೈಆಕ್ಸೈಡನ್ನು ಸೇರಿಸುವುದರಿಂದ ಆಗುವ ಲಾಭವೆಷ್ಟು, ಅಪಾಯವೆಷ್ಟು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಮ್ಮ ಕಾಲೇಜುಗಳಲ್ಲಿ ಪ್ರತಿವರ್ಷವೂ ನಡೆಯುವ ಹೈಡ್ರಿಲ್ಲ ಪ್ರಯೋಗದ ಅರ್ಥವೂ ಇದರಿಂದ ಸ್ಪಷ್ಟವಾಗುವುದು.

1. ಪೂರ್ವ ಚರಿತ್ರೆ

ಸಸ್ಯಗಳಿರುವ ನೀರಿಗೆ ಈ ಅನಿಲವನ್ನು ಸೇರಿಸುವ ಪದ್ಧತಿಯು ಹವ್ಯಾಸಿಗಳ ಹೊಸ ಕಲ್ಪನೆಯೆಂದು ತೋರಬಹುದು. ವಾಸ್ತವವಾಗಿ ಅದು ಸಸ್ಯಶರೀರಶಾಸ್ತ್ರದಷ್ಟೇ ಹಳೆಯದು. ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಗುಳ್ಳೆಗಳು ಏಳಬೇಕಾದರೆ ಬೆಳಕು ಅವಶ್ಯಕವೆಂಬುದನ್ನು ಇಂಗೆನ್‌ಹೌಸ್ 1779ರಲ್ಲಿ ತೋರಿಸಿದನು. ಜಿನೀವದ ಸೆನೆಬಿಯೇ 1782ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಗುಳ್ಳೆಗಳಿಗೆ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡೂ ಅವಶ್ಯಕವೆಂದು ಪ್ರತಿಪಾದಿಸಿದನು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ವ್ಯಾಲಿಸ್ನೇರಿಯ ಗಿಡ, ಎರಡು ಹೊನ್ನಮೀನು ಹಾಗೂ ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿ ಬಾಳಿಸಿದ ವೃತ್ತಾಂತವನ್ನು ಪ್ರಕಟಿಸಿದನು. ಮೀನು ಬಿಡುವ ಇಂಗಾಲದ ಡೈಆಕ್ಸೈಡು ಗಿಡಕ್ಕೆ, ಗಿಡ ಬಿಡುವ ಆಮ್ಲಜನಕವು ಮೀನಿಗೆ ಎಂಬ ಸಮತೋಲವು ಅಲ್ಲಿ ಸಿದ್ಧಿಸಿತ್ತು. ಬೆಳಕು ಮಂದವಾಗಿ, ಗಿಡಗಳು ಕೆಲವೇ ಆಗಿರುವವರೆಗೆ ಈ ಸಮತೋಲ ಸಾಲುತ್ತದೆ. ಗಿಡಗಳೂ ಬೆಳಕೂ ಹೆಚ್ಚಿದಾಗ ಮೀನಿನ ಉಸಿರಷ್ಟೇ ಸಾಲದು. ಬ್ಲ್ಯಾಕ್‌ಮನ್ 1905ರಲ್ಲಿ ನಿರೂಪಿಸಿದ ಮಿತಕಾರಕ ನಿಯಮದಂತೆ, ಅತ್ಯಂತ ಕೊರತೆಯಾಗಿರುವ ಅಂಶವೇ ಕ್ರಿಯೆಯ ವೇಗವನ್ನು ನಿರ್ಣಯಿಸುತ್ತದೆ. ಇಂಗಾಲವು ಕಡಮೆಯಾಗಿರುವಾಗ ದೀಪಗಳನ್ನು ಹೆಚ್ಚಿಸಿದರೆ ಗಿಡಕ್ಕೆ ಪ್ರಯೋಜನವಿಲ್ಲ. ಪಾಚಿಗೆ ಮಾತ್ರ ಅನುಕೂಲ.

2. ನೀರಿನಲ್ಲಿ ಇಂಗಾಲದ ಸ್ಥಿತಿ

ಗಾಳಿಗೆ ತೆರೆದಿಟ್ಟ ನೀರಿನಲ್ಲಿ, 25 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಕರಗಿರುವ ಇಂಗಾಲದ ಡೈಆಕ್ಸೈಡು ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಮಾತ್ರ. ಇದಕ್ಕಿಂತಲೂ ದೊಡ್ಡ ಅಡಚಣೆಯು ವಿಸರಣದ್ದು. ನೀರಿನಲ್ಲಿ ಈ ಅನಿಲವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಎಲೆಯನ್ನು ಅಂಟಿಕೊಂಡಿರುವ ನಿಶ್ಚಲವಾದ ನೀರಿನ ಪದರದಲ್ಲಿದ್ದ ಅನಿಲವು ಬೇಗನೆ ಮುಗಿದುಹೋಗುತ್ತದೆ, ಮರುಪೂರಣವು ತಡವಾಗುತ್ತದೆ. ತೊಟ್ಟಿಯ ನೀರಿಗೆ ಮಂದವಾದ ಚಲನೆಯನ್ನು ಕೊಡುವುದರಿಂದಲೇ ಗಿಡಗಳು ಚೇತರಿಸಿಕೊಳ್ಳುವುದಕ್ಕೆ ಇದು ಕಾರಣ.

ಕರಗಿದ ಅನಿಲದ ಸ್ವಲ್ಪಾಂಶವು ನೀರಿನೊಡನೆ ಕೂಡಿ ಇಂಗಾಲಾಮ್ಲವಾಗಿ, ಅದರಿಂದ ಬೈಕಾರ್ಬೊನೇಟ್ ಅಯಾನುಗಳು ಹುಟ್ಟುತ್ತವೆ. ಯಾವ ರೂಪವು ಎಷ್ಟಿದೆಯೆಂಬುದನ್ನು ಪಿ-ಎಚ್ ನಿರ್ಣಯಿಸುತ್ತದೆ. ಪಿ-ಎಚ್ ಸುಮಾರು 6.35 ಇರುವಾಗ ಸ್ವತಂತ್ರ ಅನಿಲವೂ ಬೈಕಾರ್ಬೊನೇಟೂ ಸಮವಾಗಿರುವುವು, 8.3ರ ಸುಮಾರಿನಲ್ಲಿ ಸ್ವತಂತ್ರ ಅನಿಲವು ನೂರರಲ್ಲಿ ಒಂದು ಪಾಲು ಮಾತ್ರ. ನಮ್ಮ ಬಯಲುಸೀಮೆಯ ಬಾವಿಗಳ ಗಡಸು ನೀರಿನಲ್ಲಿ ಇಂಗಾಲವು ಒಟ್ಟಿನಲ್ಲಿ ಕಡಮೆಯಿಲ್ಲ. ಆದರೆ ಅದರ ಬಹುಭಾಗವು ಬೈಕಾರ್ಬೊನೇಟಾಗಿರುತ್ತದೆ. ಈಗ ಪ್ರಶ್ನೆಯೇನೆಂದರೆ, ಆ ರೂಪದ ಇಂಗಾಲವನ್ನು ಗಿಡವು ಬಳಸಬಲ್ಲುದೇ?

3. ಹೈಡ್ರಿಲ್ಲದ ಉಪಾಯಗಳು

ಈವರೆಗೆ ಪರೀಕ್ಷಿಸಿರುವ ಸಿಹಿನೀರಿನ ಮುಳುಗುಸಸ್ಯಗಳಲ್ಲಿ ಸುಮಾರು ಅರ್ಧದಷ್ಟು ಜಾತಿಗಳು ಬೈಕಾರ್ಬೊನೇಟನ್ನು ಬಳಸಬಲ್ಲವು. ಉಳಿದವು ಸ್ವತಂತ್ರ ಅನಿಲವನ್ನೇ ಅವಲಂಬಿಸಿವೆ. ನಮ್ಮ ಕೆರೆಕಾಲುವೆಗಳಲ್ಲಿ ಸಾಮಾನ್ಯವಾಗಿರುವ ಹೈಡ್ರಿಲ್ಲ ಮೊದಲ ಗುಂಪಿನದು. ಅದರ ಎಲೆಯ ಕೆಳಮೈ ನೀರನ್ನು ಆಮ್ಲೀಯಗೊಳಿಸಿ ಬೈಕಾರ್ಬೊನೇಟಿನಿಂದ ಅನಿಲವನ್ನು ಬಿಡುಗಡೆ ಮಾಡಿಕೊಳ್ಳುತ್ತದೆ. ಮೇಲ್ಮೈಯ ನೀರು ಕ್ಷಾರೀಯವಾಗುತ್ತದೆ. ಗಡಸು ನೀರಿನಲ್ಲಿ ಬೆಳೆದ ಇಂತಹ ಗಿಡಗಳ ಎಲೆಗಳ ಮೇಲೆ ಸುಣ್ಣದ ಬಿಳಿಯ ಲೇಪ ಕಾಣಬರುವುದು ಇದರ ಪರಿಣಾಮ.

ಇದಕ್ಕಿಂತಲೂ ವಿಸ್ಮಯಕರವಾದುದು ಎರಡನೆಯ ಉಪಾಯ. ಕಬ್ಬಿನಲ್ಲಿ ಇಂಗಾಲವು ಮೊದಲು ನಾಲ್ಕು ಇಂಗಾಲದ ಆಮ್ಲಗಳಾಗಿ ಬಂಧಿತವಾಗುವುದನ್ನು ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ವಿವರಿಸಿದರು. ಕಬ್ಬಿನಲ್ಲಿ ಈ ಕೆಲಸವು ಎರಡು ಬಗೆಯ ಜೀವಕೋಶಗಳಿಗೆ ಹಂಚಿಹೋಗಿದೆ. ಎರಡೇ ಪದರಗಳ ಜೀವಕೋಶಗಳುಳ್ಳ ತೆಳುವಾದ ಹೈಡ್ರಿಲ್ಲ ಎಲೆಯಲ್ಲಿ ಅಂತಹ ವಿಭಾಗವೇ ಇಲ್ಲ. ಆದರೂ ನೀರು ಬೆಚ್ಚಗಾಗಿ ಇಂಗಾಲದ ಡೈಆಕ್ಸೈಡು ಕ್ಷೀಣಿಸಿದಾಗ ಅದು ಒಂದೇ ಜೀವಕೋಶದೊಳಗೆ ಇಂತಹುದೇ ಕ್ರಮವನ್ನು ಅನುಸರಿಸುತ್ತದೆಂದು ಫ್ಲಾರಿಡದ ಹಾಲಡೇ ಮತ್ತು ಬೋವ್ಸ್ 1980ರಲ್ಲಿ ವರದಿ ಮಾಡಿದರು.

ಈ ಅಧ್ಯಯನವು ಫ್ಲಾರಿಡದಲ್ಲಿ ನಡೆದುದಕ್ಕೆ ಕಾರಣವುಂಟು. 1950ರ ದಶಕದ ಆರಂಭದಲ್ಲಿ ಅಲಂಕಾರದ ಜಲಸಸ್ಯವಾಗಿ ಅಲ್ಲಿಗೆ ಹೋದ ಹೈಡ್ರಿಲ್ಲ, ವ್ಯಾಪಾರಿಗಳ ತೊಟ್ಟಿಗಳಿಂದ ಹೊರಬಿದ್ದು ನದಿಕಾಲುವೆಗಳನ್ನು ಮುಚ್ಚಿತು. 1997ರಲ್ಲಿ ಪ್ರಕಟವಾದ ಆನುವಂಶಿಕ ಹೋಲಿಕೆಯೊಂದು ಅಲ್ಲಿನ ಒಂದು ಬಗೆಯ ಗಿಡವು ಬೆಂಗಳೂರಿನಿಂದ ಪಡೆದ ಮಾದರಿಗೆ ಅತಿ ಸಮೀಪವೆಂದು ತೋರಿಸಿತು. ತೊಟ್ಟಿಯಲ್ಲಿ ಅನಿಲದ ನೆರವಿಲ್ಲದೆಯೂ ಬಾಳುವ ಗುಣವೇ ಹೊರಗಿನ ನೀರಿನಲ್ಲಿ ಅದನ್ನು ಕಳೆಯನ್ನಾಗಿ ಮಾಡಲು ನೆರವಾಯಿತು.

ದಕ್ಷಿಣ ಭಾರತದ್ದೇ ಆದ ಕೆಂಪೆಲೆಯ ರೊಟಾಲ ಮ್ಯಾಕ್ರಾಂಡ್ರ ಇದಕ್ಕೆ ವಿರುದ್ಧವಾದ ಉದಾಹರಣೆ. ಅನಿಲವನ್ನು ಒದಗಿಸದ ತೊಟ್ಟಿಗಳಲ್ಲಿ ಅದು ಸೊರಗುವುದೆಂಬುದು ತೊಟ್ಟಿಗಾರರ ಸಾಮಾನ್ಯ ಅನುಭವ.

4. ಕಾಲೇಜಿನ ಪ್ರಯೋಗದ ಬಗ್ಗೆ ಒಂದು ಮಾತು

ಆಲಿಕೆಯ ಕೆಳಗೆ ಹೈಡ್ರಿಲ್ಲವನ್ನಿಟ್ಟು, ನೀರಿಗೆ ಸೋಡಿಯಂ ಬೈಕಾರ್ಬೊನೇಟನ್ನು ಹಾಕಿ, ಗುಳ್ಳೆಗಳು ಹೆಚ್ಚುವುದನ್ನು ವಿದ್ಯಾರ್ಥಿಗಳು ಎಣಿಸುತ್ತಾರೆ. ಇಂಗಾಲದ ಡೈಆಕ್ಸೈಡು ಹೆಚ್ಚಿದುದೇ ಕಾರಣವೆಂದು ಬರೆಯುತ್ತಾರೆ. ಈ ನಿರ್ಣಯವು ಅಪೂರ್ಣ. ಆ ದ್ರಾವಣದಲ್ಲಿ ಸ್ವತಂತ್ರ ಅನಿಲವೂ ಬೈಕಾರ್ಬೊನೇಟೂ ಒಟ್ಟಿಗೆ ಹೆಚ್ಚುವುದರಿಂದ, ಗಿಡವು ಬಳಸಿದ್ದು ಯಾವುದೆಂಬುದನ್ನು ಗುಳ್ಳೆಗಳು ಹೇಳಲಾರವು. ಹೈಡ್ರಿಲ್ಲ ಎರಡನ್ನೂ ಬಳಸಬಲ್ಲುದು.

ಇದನ್ನು ಪರೀಕ್ಷಿಸಲು ಸುಲಭವಾದ ಮಾರ್ಗವಿದೆ. ಒಂದೇ ನೀರನ್ನು ತುಂಬಿದ ಎರಡು ಬಾಟಲಿಗಳಲ್ಲಿ ಹೈಡ್ರಿಲ್ಲವನ್ನೂ ಬೇರೊಂದು ಜಲಸಸ್ಯ ಅಥವಾ ನೀರಿನ ಹಾವಸೆಯನ್ನೂ ಇಟ್ಟು, ಗಾಳಿಯಿಲ್ಲದಂತೆ ಮುಚ್ಚಿ, ಬೆಳಕಿನಲ್ಲಿರಿಸಿ, ಗಂಟೆಗಳು ಕಳೆದಂತೆ ಪಿ-ಎಚ್ ಏರುವುದನ್ನು ಅಳೆಯಬೇಕು. ಗಿಡವಿಲ್ಲದ ಮೂರನೆಯ ಬಾಟಲಿಯು ಹೋಲಿಕೆಗಾಗಿ ಇರತಕ್ಕದ್ದು. ಸ್ವತಂತ್ರ ಅನಿಲವನ್ನೇ ನಂಬಿದ ಗಿಡದ ಬಾಟಲಿಯಲ್ಲಿ ಏರಿಕೆಯು 9ರ ಆಸುಪಾಸಿನಲ್ಲಿ ನಿಲ್ಲುವುದು. ಬೈಕಾರ್ಬೊನೇಟನ್ನು ಬಳಸುವ ಗಿಡವು ಅದನ್ನು 10ರ ಸಮೀಪಕ್ಕೆ ಒಯ್ಯಬಲ್ಲುದು.

5. ಪೂರೈಕೆಯ ವಿಧಾನಗಳು

ಅತ್ಯಂತ ಅಗ್ಗವಾದ ವಿಧಾನವೆಂದರೆ ಸಕ್ಕರೆಯ ದ್ರಾವಣಕ್ಕೆ ಯೀಸ್ಟನ್ನು ಹಾಕಿ, ಹುದುಗುವಾಗ ಏಳುವ ಅನಿಲವನ್ನು ರಬ್ಬರು ಕೊಳವೆಯ ಮೂಲಕ ತೊಟ್ಟಿಗೆ ಬಿಡುವುದು. ನೂರು ಗ್ರಾಂ ಸಕ್ಕರೆ ಪೂರ್ಣವಾಗಿ ಹುದುಗಿದರೆ ಸುಮಾರು 51 ಗ್ರಾಂ ಅನಿಲ ದೊರೆಯುವುದು. ಅಡಿಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲದಿಂದಲೂ ಅನಿಲವನ್ನು ಪಡೆಯಬಹುದು. ದೊಡ್ಡ ತೊಟ್ಟಿಗಳಿಗೆ ಸಿಲಿಂಡರೇ ಉತ್ತಮ. ಆದರೆ 20 ಡಿಗ್ರಿಯಲ್ಲಿ ಅದರೊಳಗಿನ ಒತ್ತಡವು ವಾಯುಮಂಡಲದ ಒತ್ತಡದ ಐವತ್ತು ಪಟ್ಟಿಗೂ ಮೀರಿರುವುದರಿಂದ ಒತ್ತಡ ನಿಯಂತ್ರಕವೂ ಸೂಕ್ಷ್ಮ ಕವಾಟವೂ ಅನಿವಾರ್ಯ. ಸಿಲಿಂಡರಿನ ಮುಖ್ಯ ಅನುಕೂಲವೆಂದರೆ ರಾತ್ರಿ ನಿಲ್ಲಿಸಬಹುದಾಗಿರುವುದು. ಯೀಸ್ಟು ಕತ್ತಲೆಯಲ್ಲಿಯೂ ದುಡಿಯುತ್ತಲೇ ಇರುತ್ತದೆ.

6. ಮೀನಿನ ಕ್ಷೇಮ

ತೊಟ್ಟಿಗಾರರು ಸಾಮಾನ್ಯವಾಗಿ ಲೀಟರಿಗೆ 20ರಿಂದ 30 ಮಿಲಿಗ್ರಾಂ ಪ್ರಮಾಣವನ್ನು ಗುರಿಯಾಗಿಟ್ಟುಕೊಳ್ಳುತ್ತಾರೆ. ಗಾಳಿಯೊಡನೆ ಸಮತೋಲದಲ್ಲಿರುವ ನೀರಿಗೆ ಹೋಲಿಸಿದರೆ ಇದು ಮೂವತ್ತರಿಂದ ಐವತ್ತು ಪಟ್ಟು. ಇಷ್ಟನ್ನು ಅನೇಕ ಮೀನುಗಳು ಸಹಿಸಿಯಾವು. ಇದಕ್ಕಿಂತ ಬಹಳ ಮೀರಿದರೆ ಆಪತ್ತು. ನೀರಿನಲ್ಲಿ ಅನಿಲವು ಹೆಚ್ಚಿದಾಗ ಮೀನು ತನ್ನ ರಕ್ತದಲ್ಲಿರುವುದನ್ನು ಕಿವಿರುಗಳ ಮೂಲಕ ಹೊರಹಾಕಲಾರದೆ ರಕ್ತವು ಆಮ್ಲೀಯವಾಗುತ್ತದೆ. ಆಗ ರಕ್ತವರ್ಣಕಕ್ಕೆ ಆಮ್ಲಜನಕದ ಮೇಲಿರುವ ಹಿಡಿತ ಸಡಿಲವಾಗುತ್ತದೆ. ಇದನ್ನು ಬೋರ್ ಮತ್ತು ಅವನ ಸಹೋದ್ಯೋಗಿಗಳು 1904ರಲ್ಲಿ ತೋರಿಸಿದರು. ಆದುದರಿಂದ ನೀರಿನಲ್ಲಿ ಆಮ್ಲಜನಕವು ಸಾಕಷ್ಟಿದ್ದರೂ ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯಬಹುದು. ಗಿಡಗಳಿಂದ ಗುಳ್ಳೆಗಳು ಏಳುತ್ತಿರುವುದನ್ನು ಕಂಡು ಮೀನು ಸುಖವಾಗಿದೆಯೆಂದು ನಂಬತಕ್ಕದ್ದಲ್ಲ.

ಪ್ರಮಾಣವನ್ನು ಅಂದಾಜು ಮಾಡಲು ಪಿ-ಎಚ್ ಸಹಾಯಕ. ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 70 ಮಿಲಿಗ್ರಾಂ ಕ್ಷಾರೀಯತೆಯುಳ್ಳ ನೀರು ಗಾಳಿಯೊಡನೆ ಸಮತೋಲದಲ್ಲಿರುವಾಗ ಪಿ-ಎಚ್ ಸುಮಾರು 8.3, ಅನಿಲವನ್ನು ಬಿಟ್ಟು ಅದು 7.0ಕ್ಕಿಳಿದಾಗ ಲೀಟರಿಗೆ ಸುಮಾರು 14 ಮಿಲಿಗ್ರಾಂ, 6.7ಕ್ಕಿಳಿದಾಗ 28, 6.4ಕ್ಕಿಳಿದಾಗ 55. ಪಿ-ಎಚ್ ಕೇವಲ 0.3ರಷ್ಟು ಇಳಿದರೆ ಅನಿಲವು ಇಮ್ಮಡಿಯಾಗುವುದೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಕೊಳೆತ ಎಲೆಗಳ ಆಮ್ಲಗಳಾಗಲಿ ಫಾಸ್ಫೇಟುಗಳಾಗಲಿ ನೀರಿನಲ್ಲಿದ್ದರೆ ಈ ಲೆಕ್ಕವು ತಪ್ಪುವುದು. ರಾತ್ರಿ ಗಿಡಗಳೂ ಮೀನುಗಳಂತೆಯೇ ಇಂಗಾಲದ ಡೈಆಕ್ಸೈಡನ್ನು ಹೊರಬಿಡುವುದರಿಂದ ದೀಪ ಆರುವ ಮೊದಲೇ ಪೂರೈಕೆಯನ್ನು ನಿಲ್ಲಿಸಬೇಕು. ಯೀಸ್ಟಿನ ಏರ್ಪಾಟಿದ್ದಲ್ಲಿ ರಾತ್ರಿಯಿಡೀ ಗಾಳಿಯ ಪಂಪು ನಡೆಯುತ್ತಿರಬೇಕು.

7. ಉಪಸಂಹಾರ

ಒಟ್ಟಿನಲ್ಲಿ, ಅನಿಲವನ್ನು ಸೇರಿಸುವ ಮೊದಲು ವಿಚಾರಿಸತಕ್ಕವು ಮೂರು: ಗಿಡದ ಜಾತಿ, ನೀರಿನ ಕ್ಷಾರೀಯತೆ, ಬೆಳಕಿನ ಪ್ರಮಾಣ. ಬೈಕಾರ್ಬೊನೇಟನ್ನು ಬಳಸುವ ಗಿಡಗಳು ಮಂದವಾದ ಬೆಳಕಿನಲ್ಲಿದ್ದರೆ ಅನಿಲದ ಅವಶ್ಯಕತೆಯೇ ಬಾರದು. ಅನಿಲವನ್ನು ಬೇಡುವ ಗಿಡಗಳಿಗೆ ಕೊಡುವುದಾದರೆ ಅಳೆದು ಕೊಡಬೇಕು. ಕೊನೆಯದಾಗಿ, ಪ್ರಯೋಗ ಮುಗಿದ ಮೇಲೆ ತೊಟ್ಟಿಯ ಗಿಡಗಳನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು. ಕೆರೆಗಾಗಲಿ ಕಾಲುವೆಗಾಗಲಿ ಎಸೆಯಲಾಗದು. ಫ್ಲಾರಿಡದ ನೀರಿಗೆ ನಮ್ಮ ಗಿಡವು ಮಾಡಿದುದನ್ನು, ಹೊರಗಿನ ಗಿಡವೊಂದು ಮದಗದ ಕೆರೆಯಂತಹ ನೀರಿಗೆ ಮಾಡಲು ನಾವು ಅವಕಾಶ ಕೊಡಬಾರದು.