ಕೊಕ್ಕು ಕಿತ್ತುಕೊಳ್ಳುವ ಹದ್ದು ಎಲ್ಲಿಯೂ ಇಲ್ಲ

ನಲವತ್ತು ವರ್ಷಕ್ಕೆ ಹದ್ದಿನ ಕೊಕ್ಕು ಬಾಗಿ ಬೇಟೆಗೆ ಬಾರದಂತಾಗುತ್ತದಂತೆ. ಆಗ ಅದು ಬೆಟ್ಟದ ತುದಿಗೆ ಹೋಗಿ ಕೊಕ್ಕನ್ನು ಬಂಡೆಗೆ ಬಡಿದು ಉದುರಿಸಿ, ಹೊಸ ಕೊಕ್ಕಿನಿಂದ ಉಗುರು ಕಿತ್ತು, ಹೊಸ ಉಗುರಿನಿಂದ ಗರಿ ಕಿತ್ತು, 150 ದಿನ ಕಳೆದು ಇನ್ನೂ 30 ವರ್ಷ ಬದುಕುತ್ತದಂತೆ. ವಾಟ್ಸ್ಆ್ಯಪ್‌ನಲ್ಲಿ, ಸ್ಫೂರ್ತಿ ಭಾಷಣಗಳಲ್ಲಿ ಇದು ವಿಜ್ಞಾನದ ಮಾತಿನಂತೆ ಓಡಾಡುತ್ತಿದೆ. ಮಸ್ಕತ್ತಿನ ಅಲ್ ಮಬೇಲಾದಲ್ಲಿರುವ ಕನ್ನಡಿಗರು ಇದನ್ನು ನಂಬಬೇಕಾದ ಕಾರಣವೇ ಇಲ್ಲ. ಅಲ್ ಅಮರಾತ್ ಕಡೆಯ ಕಸದ ಮೈದಾನಕ್ಕೆ ಪ್ರತಿ ಚಳಿಗಾಲ ಕಝಾಕಿಸ್ತಾನ, ರಷ್ಯಾ ಕಡೆಯಿಂದ ಸ್ಟೆಪ್ ಹದ್ದುಗಳು ಗುಂಪುಗುಂಪಾಗಿ ಬಂದಿಳಿಯುತ್ತವೆ. ನಿಜವಾದ ಹದ್ದು ಕಣ್ಣೆದುರಿಗೇ ಇದೆ.

ಕೊಕ್ಕೆಂದರೆ ಒಳಗೆ ಎಲುಬು, ಅದರ ಮೇಲೆ ಕೆರಾಟಿನ್ ಹೊದಿಕೆ. ಹಕ್ಕಿ ಬದುಕಿರುವಷ್ಟು ಕಾಲ ಆ ಹೊದಿಕೆ ಬೆಳೆಯುತ್ತಲೇ ಇರುತ್ತದೆ, ತಿನ್ನುವಾಗ, ಉಜ್ಜುವಾಗ ಸವೆಯುತ್ತಲೂ ಇರುತ್ತದೆ. ಅದನ್ನು ಬುಡಸಹಿತ ಕಳೆದುಕೊಂಡ ಹಕ್ಕಿ ಮಾಂಸ ಹರಿಯಲಾರದು. ಐದು ತಿಂಗಳ ಉಪವಾಸ ಯಾವ ಹದ್ದಿಗೂ ಸಾಧ್ಯವಿಲ್ಲ. ಎಪ್ಪತ್ತು ವರ್ಷದ ಆಯುಷ್ಯವೂ ಸುಳ್ಳು: 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸತ್ತು ಸಿಕ್ಕ, ಕಾಲಿಗೆ ಗುರುತಿನ ಬಳೆಯಿದ್ದ ಬೋಳು ಹದ್ದಿಗೆ 38 ವರ್ಷ, ಕಾಡಿನ ಬೋಳು ಹದ್ದುಗಳಲ್ಲಿ ಅದೇ ದಾಖಲೆ.

ಇದು ನೀತಿಕಥೆಯಷ್ಟೇ, ಯಾರಿಗೇನು ನಷ್ಟ ಎನ್ನುವವರಿದ್ದಾರೆ. ನೀತಿಕಥೆಯೆಂದೇ ಹೇಳಿದರೆ ನನ್ನ ತಕರಾರಿಲ್ಲ. ಅಮೃತ ತಂದ ಗರುಡನ ಕಥೆಯನ್ನು ಯಾರೂ ಪಕ್ಷಿಶಾಸ್ತ್ರವೆಂದು ಓದುವುದಿಲ್ಲ. ಸುಳ್ಳನ್ನು ಸತ್ಯವೆಂದು ಹಂಚಿದಾಗ ಹಕ್ಕಿಯ ನಿಜವಾದ ಕಷ್ಟ ಮರೆಯಾಗುತ್ತದೆ. ಸ್ಟೆಪ್ ಹದ್ದು 2015ರಿಂದ ಅಪಾಯದಂಚಿನ ಪಟ್ಟಿಯಲ್ಲಿದೆ; ವಿದ್ಯುತ್ ತಂತಿಗೆ ತಗುಲಿ ಸಾಯುತ್ತಿದೆ. ನಮ್ಮ ಭಾರತದಲ್ಲೂ ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ರಣಹದ್ದುಗಳನ್ನು ಕೊಂದಿತು. ಪಶುಗಳಿಗೆ ಅದರ ಬಳಕೆ 2006ರಲ್ಲಿ ನಿಷೇಧವಾಗುವಷ್ಟರಲ್ಲಿ ಬಹುಪಾಲು ಅಳಿದಿದ್ದವು. ಹದ್ದಿನ ಬಗ್ಗೆ ಇಂಥ ನಂಬಿಕೆ ಇನ್ನೊಂದಿದೆ: ಸುತ್ತು ಹೊಡೆಯುವ ಹದ್ದು ಯಾರದೋ ಸಾವು ಕಾಯುತ್ತಿದೆ ಎಂಬುದು. ಅದೂ ತಪ್ಪು. ಬಿಸಿಗಾಳಿಯ ಮೇಲೇರಿ ದಣಿವಿಲ್ಲದೆ ಮೇಲಕ್ಕೆ ಹೋಗುತ್ತಿರುತ್ತದೆ, ಅಷ್ಟೆ.

ಹೊಸತಾಗುವಿಕೆ ನೋಡಬೇಕೆನ್ನುವವರು ಹದ್ದಿನ ರೆಕ್ಕೆ ನೋಡಲಿ. ಅದು ಗರಿಗಳನ್ನು ಒಟ್ಟಿಗೆ ಕೀಳುವುದಿಲ್ಲ. ಹಾರಾಟ ನಿಲ್ಲದಂತೆ ಕೆಲವೇ ಗರಿಗಳನ್ನು ಸರದಿಯಲ್ಲಿ ಉದುರಿಸುತ್ತದೆ. ಎಳೆಯ ಸ್ಟೆಪ್ ಹದ್ದಿನ ರೆಕ್ಕೆಯಡಿಯ ಬಿಳಿ ಪಟ್ಟೆ ವರ್ಷವರ್ಷವೂ ಕುಗ್ಗುತ್ತ ಹೋಗಿ, ಬೆಳೆದ ಹಕ್ಕಿ ಬಹುತೇಕ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ. ನಡುವಿನ ವರ್ಷಗಳ ಹಕ್ಕಿಯಲ್ಲಿ ಮಾಸಿದ ಗರಿಯೂ ಹೊಸ ಗರಿಯೂ ಒಂದೇ ರೆಕ್ಕೆಯಲ್ಲಿ ಅಕ್ಕಪಕ್ಕ ಕಾಣುತ್ತವೆ.